ನೀರ್ಚಾಲು ಹತ್ತಿರದ ಗ್ಯಾರೇಜಿನಲ್ಲಿ ನಮ್ಮ ಜಿಪ್ಸಿಗೆ ಹಿಂದಿನ ಅರ್ಧ ಚಾಸಿಸ್ ಹೊಸದು

ಮೊದಲೇ ಹೇಳಿಬಿಡುತ್ತೇನೆ. ಕೆಲಸ ಚೆನ್ನಾಗಿದೆ. ದುಡ್ಡು ಕಮ್ಮಿ ಏನಲ್ಲ, ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ, ಆದರೂ ಇಂಥ ಕೆಲಸ ಇನ್ನೊಮ್ಮೆ ಬಂದರೆ ನಾನು ಅಲ್ಲಿಗೇ ಹೋಗುತ್ತೇನೆ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ಬೇಡ ಅಂತ ಅವರೇ ಹೇಳಿದರು. ಇಬ್ಬರೇ ಕೆಲಸ ಮಾಡುವ ಜಾಗ, ಈಗಲೇ ಮೂರು ಜೀಪು ಸಾಲಿನಲ್ಲಿ ಕಾಯುತ್ತಿವೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಸೀತಾಂಗೋಳಿ ಕಡೆಗೆ ಹೋಗುವ ದಾರಿಯಲ್ಲಿದೆ, ಆ ಕಡೆ ಹಳೇ ಜೀಪು ಇಟ್ಟುಕೊಂಡವರು ಯಾರಾದರೂ ತೋರಿಸುತ್ತಾರೆ. ಯಜಮಾನರನ್ನು ಕೆಲಸದ ಹುಡುಗ ಆಶಾನ್ (ಮಲಯಾಳದಲ್ಲಿ ಗುರು) ಅಂತ ಕರೆಯುತ್ತಾನೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಗಾಡಿ 2006ರ ಮಾರುತಿ ಜಿಪ್ಸಿ. 1298 ಸಿಸಿ ಪೆಟ್ರೋಲ್ ಇಂಜಿನ್, ಕೆಎಲ್ 14 ನಂಬರ್. ಅಪ್ಪ ತೆಗೆದದ್ದು. ನಮ್ಮ ಮನೆ ಪೆರ್ಲದಿಂದ ಒಳಗೆ ಗುಡ್ಡದ ಮೇಲೆ, ಕೊನೆಯ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಮಳೆಗಾಲದಲ್ಲಿ ಬೇರೆ ಕಾರು ಮೇಲೆ ಹತ್ತುವುದಿಲ್ಲ. ಅಡಿಕೆ ಮೂಟೆ, ಗೊಬ್ಬರ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲ ಇದರಲ್ಲೇ. ಜಿಪ್ಸಿ ಈಗ ಹೊಸದು ಸಿಗುವುದೂ ಇಲ್ಲ. ಹಾಗಾಗಿ ಗುಜರಿಗೆ ಹಾಕುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ.

ತೊಂದರೆ ಶುರುವಾದದ್ದು ಎರಡು ವರ್ಷದ ಹಿಂದೆ. ಹಿಂದಿನ ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ತಳ್ಳಬೇಕಾಗಿತ್ತು. ಆಮೇಲೆ ಗಾಡಿ ಬಲಗಡೆಗೆ ಒಂಚೂರು ವಾಲಿದ ಹಾಗೆ ಕಾಣತೊಡಗಿತು. ಲೀಫ್ ಪ್ಲೇಟು (ಚಕ್ರದ ಮೇಲಿನ ಪಟ್ಟಿ ಸ್ಪ್ರಿಂಗು) ಕುಸಿದಿರಬೇಕು ಅಂತ ನಾನು ಅಂದುಕೊಂಡೆ. ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅವರು ಅಡಿಗೆ ಬಗ್ಗಿ ನೋಡಿ, ಚಾಸಿಸ್‌ನಲ್ಲಿ, ಅಂದರೆ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟಿನಲ್ಲಿ, ಸ್ವಲ್ಪ ತುಕ್ಕು ಇದೆ, ಪ್ಲೇಟ್ ಹೊಡೆದು ಕೋಟಿಂಗ್ ಮಾಡಿಕೊಡುತ್ತೇವೆ ಅಂದರು. ಎರಡು ದಿನದಲ್ಲಿ ಗಾಡಿ ಬಂತು. ಅಡಿಯೆಲ್ಲ ಕಪ್ಪಗೆ, ದಪ್ಪಗೆ, ಹೊಸ ಗಾಡಿಯ ಹಾಗೆ. ನಾನು ಖುಷಿಯಿಂದ 14,000 ರೂಪಾಯಿ ಕೊಟ್ಟು ಬಂದೆ. ಒಂದು ಮಳೆಗಾಲ ಕಳೆಯಿತು. ದೀಪಾವಳಿ ಹೊತ್ತಿಗೆ ಪೆರ್ಲದ ತಿರುವಿನಲ್ಲಿ ಹಿಂದಿನಿಂದ ಟಕ್ ಅಂತ ಒಂದು ಶಬ್ದ ಬಂತು. ಇಳಿದು ನೋಡಿದರೆ ಬಲಗಡೆ ಶ್ಯಾಕಲ್ (ಲೀಫ್ ಪ್ಲೇಟಿನ ತುದಿಯನ್ನು ಚಾಸಿಸಿಗೆ ಸೇರಿಸುವ ಕೊಂಡಿ) ಕೂರುವ ಜಾಗದ ಹತ್ತಿರ, ಅವರು ಹೊಡೆದ ಪ್ಲೇಟಿನ ಅಂಚಿಗೆ ಸರಿಯಾಗಿ, ಬೆರಳು ಹೋಗುವಷ್ಟು ಬಿರುಕು. ಪ್ಲೇಟು ಗಟ್ಟಿಯಾಗೇ ಇತ್ತು. ಅದು ಹಿಡಿದುಕೊಂಡಿದ್ದ ಹಳೇ ತಗಡು ಮಾತ್ರ ಹಪ್ಪಳದ ಹಾಗೆ ಆಗಿತ್ತು.

ಆಗ ಜೀಪಿನ ಗೆಳೆಯರೊಬ್ಬರು ಆಶಾನ್ ಹತ್ತಿರ ಕಳಿಸಿದರು. ಹಿಂದೆ ಯಾರನ್ನೂ ಕೂರಿಸದೆ, 20ರ ಸ್ಪೀಡಿನಲ್ಲಿ ಹೋದೆ.

ಅವರು ಮೊದಲು ಮಾಡಿದ ಕೆಲಸ ಇಷ್ಟೇ. ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋದರು. ಮುಂದಿನಿಂದ ಹಿಂದಕ್ಕೆ ಗೇಣಿಗೊಂದು ಸಲ ತಟ್ಟುತ್ತಾ ಬಂದರು. ಮುಂದೆ ಟಣ್ ಟಣ್ ಅನ್ನುತ್ತಿದ್ದ ಶಬ್ದ ಹಿಂದಿನ ಚಕ್ರದ ಹತ್ತಿರ ಬರುವಾಗ ಡಬ್ ಡಬ್ ಅಂತ ಬದಲಾಯಿತು. ಹಣ್ಣಾದ ಹಲಸು ತಟ್ಟಿ ನೋಡುತ್ತೇವಲ್ಲ, ಹಾಗೆ. ಡಬ್ ಅಂದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರು, ಕಪ್ಪು ಕೋಟಿಂಗ್ ಜೊತೆಗೇ ಒಳಗೆ ಹೋಯಿತು. ನನ್ನನ್ನೂ ಅಡಿಗೆ ಕರೆದರು. "ಮಾಷ್ಟ್ರೇ, ನೀವೇ ತಟ್ಟಿ ನೋಡಿ" ಅಂದರು. ತಟ್ಟಿದೆ. ಎಲ್ಲಿಂದ ಹೋಗಿದೆ ಅಂತ ನನ್ನ ಕಿವಿಗೇ ಗೊತ್ತಾಯಿತು. ಅಷ್ಟು ವರ್ಷ ಗಾಡಿ ಓಡಿಸಿದರೂ ಇದನ್ನು ಯಾರೂ ನನಗೆ ತೋರಿಸಿರಲಿಲ್ಲ.

ಚಾಸಿಸ್ ಹೊರಗಿನಿಂದ ಕೊಳೆಯುವುದಕ್ಕಿಂತ ಜಾಸ್ತಿ ಒಳಗಿನಿಂದ ಕೊಳೆಯುತ್ತದೆ. ಜಿಪ್ಸಿಯಲ್ಲಿ ಉದ್ದಕ್ಕೆ ಎರಡು ಡಬ್ಬಿಯಂಥ ಉಕ್ಕಿನ ತೊಲೆ, ಅವುಗಳ ನಡುವೆ ಅಡ್ಡ ತೊಲೆಗಳು. ಏಣಿಯ ಹಾಗೆ. ಬಾಡಿ ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬೋಲ್ಟಿನಲ್ಲಿ ಕೂರುತ್ತದೆ. ಡಬ್ಬಿಯ ತೂತುಗಳಲ್ಲಿ ಕೆಸರು ಒಳಗೆ ಹೋದರೆ ಹೊರಗೆ ಬರುವುದಿಲ್ಲ, ನಮ್ಮ ಕೆಂಪು ಮಣ್ಣು ಅಂತೂ ಒಮ್ಮೆ ಒದ್ದೆಯಾದರೆ ತಿಂಗಳುಗಟ್ಟಲೆ ಒಳಗೇ ತೇವ ಹಿಡಿದುಕೊಂಡಿರುತ್ತದೆ. ಮೇಲೆ ಎಷ್ಟು ಕಪ್ಪು ಬಳಿದರೂ ಒಳಗಿನ ತುಕ್ಕು ನಿಲ್ಲುವುದಿಲ್ಲ. ತುಕ್ಕಿನ ಮೇಲೇ ದಪ್ಪ ಕೋಟಿಂಗ್ ಹೊಡೆದರೆ ಅದು ನೀರನ್ನು ಇನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ, ಪಶ್ಚಿಮಕ್ಕೆ ಹೋದರೆ ಉಪ್ಪು ಗಾಳಿ. ಹಳೇ ಕಬ್ಬಿಣಕ್ಕೆ ಒಳ್ಳೆಯ ಊರಲ್ಲ ನಮ್ಮದು.

ಆದರೆ ನಮ್ಮ ಗಾಡಿಯಲ್ಲಿ ಎಡಕ್ಕಿಂತ ಬಲಗಡೆ ಮತ್ತು ಹಿಂದಿನ ಅಡ್ಡ ತೊಲೆ ಯಾಕೆ ಅಷ್ಟು ಹಾಳಾಗಿದೆ ಅಂತ ಆಶಾನ್‌ಗೂ ಅನುಮಾನ ಬಂತು. ಮ್ಯಾಟ್ ಎತ್ತಿದಾಗ ಉತ್ತರ ಸಿಕ್ಕಿತು. ಹಿಂದಿನ ಫ್ಲೋರಿನ ಮೂಲೆಯಲ್ಲಿ ನೀಲಿ ಹಸಿರು ಕಲೆ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್!

ನಮಗೆ ಮನೆಯಿಂದ ಆರು ಕಿಲೋಮೀಟರು ದೂರದಲ್ಲಿ ಇನ್ನೊಂದು ಸಣ್ಣ ತೋಟ ಇದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತನ್ನು ಹಿಂದಿನ ರಾತ್ರಿ ಮನೆಯಲ್ಲೇ ನೆನೆಹಾಕಿ, ಬೆಳಿಗ್ಗೆ ಕ್ಯಾನಿನಲ್ಲಿ ತುಂಬಿಸಿ ಜಿಪ್ಸಿಯಲ್ಲಿ ಒಯ್ಯುತ್ತೇವೆ. ಸುಣ್ಣ ಅಲ್ಲಿಯೇ ಸೇರಿಸುವುದು. ಈ ಮದ್ದಿಗೆ ಬೋರ್ಡೋ ಅನ್ನುತ್ತಾರೆ, ಮಾಡುವವರಿಗೆ ಲೆಕ್ಕ ಗೊತ್ತೇ ಇದೆ, 100 ಲೀಟರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಸುಣ್ಣ ಸಾಕಾಗಿದೆಯಾ ಅಂತ ನೋಡಲು ಕಬ್ಬಿಣದ ಚೂರಿ ಅದ್ದುತ್ತೇವಲ್ಲ, ಸಾಕಾಗದಿದ್ದರೆ ಚೂರಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ತಾಮ್ರ ಬಂದು ಕೂರುವಾಗ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ ಅಂತ ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಸುಣ್ಣ ಸೇರದ ಬರೀ ಮೈಲುತುತ್ತಿನ ನೀರು ಇಷ್ಟು ವರ್ಷ ಏರಿನಲ್ಲಿ ತುಳುಕಿ ಚೆಲ್ಲಿ, ಫ್ಲೋರಿನ ಬೋಲ್ಟ್ ತೂತಿನಿಂದ ಚಾಸಿಸ್ ಒಳಗೇ ಇಳಿದಿದೆ. ಅಡಿಕೆ ತೋಟದ ಕೆಲಸಕ್ಕೆ ಜೀಪು, ಪಿಕಪ್ ಬಳಸುವವರು ದಯವಿಟ್ಟು ಇವತ್ತೇ ಮ್ಯಾಟ್ ಎತ್ತಿ ನೋಡಿ. ಕ್ಯಾನ್ ಇಡಲು ಅಂಚು ಇರುವ ಪ್ಲಾಸ್ಟಿಕ್ ಟ್ರೇ ಸಾಕು, 600 ರೂಪಾಯಿ.

ಏನು ಮಾಡಬಹುದು ಅಂತ ಕೇಳಿದೆ. ಅವರು ಮೂರು ದಾರಿ ಹೇಳಿದರು. ಇನ್ನೂ ಪ್ಲೇಟ್ ಹೊಡೆಯುವುದು, ಅದನ್ನು ತಾನು ಮಾಡುವುದಿಲ್ಲ ಅಂತ ಆಗಲೇ ಹೇಳಿದರು. ಪೂರ್ತಿ ಚಾಸಿಸ್ ಬದಲಿಸುವುದು, ಆದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹಳೇ ಚಾಸಿಸ್ ಮೇಲೇ ಒತ್ತಿರುತ್ತದೆ, ಅದು ಹೋದರೆ ಆರ್‌ಟಿಒ ಅನುಮತಿಯ ದೊಡ್ಡ ಕೆಲಸ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಮೂರನೆಯದು, ಮುಂದಿನ ಗಟ್ಟಿ ಭಾಗ ಉಳಿಸಿಕೊಂಡು ಹಿಂದಿನದ್ದನ್ನು ಮಾತ್ರ ಕತ್ತರಿಸಿ ಹೊಸದು ಕೂರಿಸುವುದು. ನಮ್ಮ ಗಾಡಿಯಲ್ಲಿ ನಂಬರ್ ಮುಂದಿನ ಬಲ ಚಕ್ರದ ಹತ್ತಿರ ಇದೆ, ಆ ಜಾಗಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ. ಆದರೂ ಕೆಲಸ ಶುರು ಮಾಡುವ ಮೊದಲು ನಂಬರಿನ ಫೋಟೋ, ಕೊಳೆತ ಭಾಗದ ಫೋಟೋ ತೆಗೆದಿಟ್ಟುಕೊಳ್ಳಿ ಅಂದರು, ಇನ್ಶೂರೆನ್ಸ್‌ನವರಿಗೂ ಆರ್‌ಟಿಒಗೂ ಮೊದಲೇ ತಿಳಿಸಿ ಅಂತಲೂ ಹೇಳಿದರು. ಹಾಗೇ ಮಾಡಿದೆ. ನಮ್ಮ ಆರ್‌ಸಿ 2021ರಲ್ಲಿ 15 ವರ್ಷ ಆಗಿ ಒಮ್ಮೆ ರಿನ್ಯೂ ಆಗಿತ್ತು. ಅದು ಐದು ವರ್ಷಕ್ಕೆ ಮಾತ್ರ, ಮುಂದಿನ ಸಲ ಗಾಡಿ ತೋರಿಸುವಾಗ ಅಡಿ ಸರಿ ಇರಲೇಬೇಕು.

ಇನ್ನೊಂದು ಮಾತು. ಇದು ಬಾಡಿಯಿಂದ ಚಾಸಿಸ್ ಬೇರೆಯಾಗಿರುವ ಗಾಡಿಗಳ ಕತೆ. ಜೀಪು, ಜಿಪ್ಸಿ, ಬೊಲೆರೊ, ಥಾರ್ ಇಂಥವು. ಮಾರುತಿ 800, ಓಮ್ನಿ, ಆಲ್ಟೊಗಳಲ್ಲಿ ಬಾಡಿಯೇ ಚಾಸಿಸ್, ಅಲ್ಲಿ ಲೆಕ್ಕವೇ ಬೇರೆ.

ಹೊಸ ಭಾಗ ದೆಹಲಿಯಿಂದ ತರಿಸಿದೆವು. ಜಿಪ್ಸಿಯ ಸಾಮಾನು ಅಲ್ಲಿ ಈಗಲೂ ಸಿಗುತ್ತದೆ. ಕಂಪನಿಯದ್ದಲ್ಲ, 3 ಮಿಲಿಮೀಟರ್ ಶೀಟಿನಲ್ಲಿ ಮಾಡಿದ್ದು, ಶ್ಯಾಕಲ್ ಬ್ರಾಕೆಟ್, ಬಾಡಿ ಕೂರುವ ಬ್ರಾಕೆಟ್ ಎಲ್ಲ ಸೇರಿ. 21,500 ರೂಪಾಯಿ, ಲಾರಿ ಪಾರ್ಸೆಲಿಗೆ 2,800. ಹನ್ನೆರಡು ದಿನಕ್ಕೆ ಬಂತು. ಪಾರ್ಟಿನ ಬಗ್ಗೆ ನನ್ನ ಅಭಿಪ್ರಾಯ ಅರ್ಧಕ್ಕರ್ಧ. ಶೀಟು ಹೇಳಿದಷ್ಟೇ ದಪ್ಪ ಇತ್ತು, ವರ್ನಿಯರ್ ಹಿಡಿದು ನೋಡಿದೆ. ಆದರೆ ಎಡಗಡೆ ಬಾಡಿ ಬ್ರಾಕೆಟಿನ ತೂತು 4 ಮಿಲಿಮೀಟರ್ ಆಚೆ ಇತ್ತು. ಮಾರಿದವರಿಗೆ ಫೋಟೋ ಕಳಿಸಿದರೆ, ತೂತು ದೊಡ್ಡ ಮಾಡಿ ಹಾಕಿ ಅಂದರು. ಆಶಾನ್ ಒಪ್ಪಲಿಲ್ಲ. ಬ್ರಾಕೆಟನ್ನೇ ಬಿಚ್ಚಿ ಸರಿಯಾದ ಜಾಗಕ್ಕೆ ಮತ್ತೆ ಕೂರಿಸಿದರು. ಬಳಿದು ಬಂದ ಪೈಂಟ್ ಉಗುರಲ್ಲಿ ಕೆರೆದರೆ ಏಳುತ್ತಿತ್ತು, ಅದನ್ನೂ ಪೂರ್ತಿ ಉಜ್ಜಿ ತೆಗೆದರು.

ಮೇ ತಿಂಗಳ ಮೊದಲ ವಾರ ಕೆಲಸ ಶುರುವಾಯಿತು. ನನಗೆ ಶಾಲೆಗೆ ರಜೆ, ಹಾಗಾಗಿ ದಿನ ಬಿಟ್ಟು ದಿನ ಹೋಗಿ ನಿಂತೆ. ಪೆಟ್ರೋಲ್ ಟ್ಯಾಂಕ್ ಜಿಪ್ಸಿಯಲ್ಲಿ ಹಿಂದೆಯೇ ಇರುವುದು, 40 ಲೀಟರಿನದ್ದು. ಅದನ್ನು ಇಳಿಸಿ ಶೆಡ್ಡಿನಿಂದ ಹೊರಗೆ, ತೆಂಗಿನ ಮರದ ಆಚೆ ಇಟ್ಟ ಮೇಲೆಯೇ ಗ್ರೈಂಡರ್ ಕೈಗೆ ತೆಗೆದುಕೊಂಡದ್ದು. ಬ್ಯಾಟರಿ ಬಿಚ್ಚಿದರು, ಇಂಜಿನ್ ಕಂಪ್ಯೂಟರಿನ ಸಾಕೆಟ್ ಕೂಡ ಬಿಚ್ಚಿದರು. ವೆಲ್ಡಿಂಗ್ ಕರೆಂಟು ಅದಕ್ಕೆ ಹೋದರೆ ಕೆಲಸ ಕೆಡುತ್ತದೆ. ಮೊದಲಿನ ಗ್ಯಾರೇಜಿನಲ್ಲಿ ಟ್ಯಾಂಕ್ ಇದ್ದ ಹಾಗೇ ಪಕ್ಕದಲ್ಲಿ ವೆಲ್ಡಿಂಗ್ ಮಾಡಿದ್ದರು ಅಂತ ಆಮೇಲೆ ಗೊತ್ತಾಗಿ ನನಗೆ ಮೈ ಜುಮ್ ಅಂತು. ಟ್ಯಾಂಕಿನ ಬೋಲ್ಟುಗಳ ಮೇಲೆ ಅವರ ಕಪ್ಪು ಕೋಟಿಂಗ್ ಒಡೆಯದೆ ಹಾಗೇ ಇತ್ತು.

ಬಾಡಿಯ ಬೋಲ್ಟ್ ಬಿಚ್ಚಲು ಮೂರು ದಿನ. ಒಂದೂ ಸುಲಭಕ್ಕೆ ಬರಲಿಲ್ಲ. ಆಮೇಲೆ ಚೈನ್ ಬ್ಲಾಕ್‌ನಲ್ಲಿ ಬಾಡಿ ಎತ್ತಿ ಪಕ್ಕದ ಸ್ಟ್ಯಾಂಡ್ ಮೇಲೆ ಇಟ್ಟರು. ಹಿಂದಿನ ಭಾಗ ಕತ್ತರಿಸಿದಾಗ ತೊಲೆಯ ಒಳಗಿನಿಂದ ಒಂದು ಬಕೆಟ್ ಮಣ್ಣು ಬಿತ್ತು. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಹುಡುಗ ನಿಜವಾಗಿ ಬಕೆಟ್ ಹಿಡಿದಿದ್ದ.

ನನಗೆ ತುಂಬಾ ಇಷ್ಟವಾದದ್ದು ಅವರ ಅಳತೆ. ಕತ್ತರಿಸುವ ಮೊದಲೇ ಚಾಸಿಸನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಮನೆ ಕಟ್ಟುವವರು ಬಳಸುವ ನೀರಿನ ಟ್ಯೂಬ್ ಹಿಡಿದು ನಾಲ್ಕು ಮೂಲೆ ಮಟ್ಟ ಮಾಡಿದ್ದರು. ಪ್ರತಿ ಮುಖ್ಯ ತೂತಿನಿಂದ ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟು ಸಿಮೆಂಟ್ ನೆಲದ ಮೇಲೆ ಗುರುತು ಹಾಕಿದ್ದರು. ಮೂಲೆಯಿಂದ ಮೂಲೆಗೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಹೊಸ ಭಾಗ ಬಂದು ಕೂತ ಮೇಲೆ ಗುಂಡು ಅದೇ ಗುರುತುಗಳ ಮೇಲೆ ನಿಲ್ಲಬೇಕು. ಹಳೇ ಬಲಗಡೆ ಮೊದಲೇ ಕುಸಿದಿದ್ದರಿಂದ ಅದರ ಅಳತೆ ನಂಬದೆ, ಎಡಗಡೆಯದ್ದನ್ನೇ ಬಲಕ್ಕೂ ತೆಗೆದುಕೊಂಡರು. ದೊಡ್ಡ ಮಿಷನ್ ಏನೂ ಇಲ್ಲ. ಟೇಪು, ಟ್ಯೂಬು, ಗುಂಡು.

ಜೋಡಣೆಯನ್ನೂ ನೇರ ಅಡ್ಡಕ್ಕೆ ಕತ್ತರಿಸಿ ಅಂಟಿಸಲಿಲ್ಲ. ಓರೆಯಾಗಿ ಕತ್ತರಿಸಿದರು, ಒಳಗೆ ಒಂದು ಗೇಣು ಉದ್ದದ ಉಕ್ಕಿನ ತೋಳು ತೂರಿಸಿದರು, ಎರಡೂ ಕಡೆ ತೂತು ಕೊರೆದು ಆ ತೂತಿನಲ್ಲೂ ವೆಲ್ಡ್ ತುಂಬಿದರು. ನೇರ ಕತ್ತರಿಸಿದರೆ ಬಾಗುವ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ, ಓರೆ ಮಾಡಿದರೆ ಹಂಚಿಹೋಗುತ್ತದೆ. ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿದ ಹಾಗೆ ಟ್ಯಾಕ್. ಮತ್ತೆ ಅಳತೆ. ಆಮೇಲೆ ಎಡಗಡೆ ಒಂದಿಂಚು, ಬಲಗಡೆ ಒಂದಿಂಚು, ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ಒಂದೇ ಸಲ ಉದ್ದಕ್ಕೆ ಎಳೆದರೆ ಬಿಸಿಗೆ ಉಕ್ಕು ಎಳೆದುಕೊಂಡು ಚಾಸಿಸ್ ತಿರುಚುತ್ತದೆ. ಬಿಸಿ ಉಕ್ಕಿಗೆ ಗಾಳಿ ತಾಗದ ಹಾಗೆ ಗ್ಯಾಸ್ ಬಿಡುತ್ತಾ ಮಾಡುವ ಸಿಒ2 ವೆಲ್ಡಿಂಗ್ ಆದ್ದರಿಂದ ಗಾಳಿ ಬೀಸಿದರೆ ಗ್ಯಾಸ್ ಹಾರಿ ವೆಲ್ಡಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ಮಧ್ಯದಲ್ಲಿ ಎರಡು ದಿನ ಸಂಜೆ ಗುಡುಗು ಗಾಳಿ ಬಂತು, ಆಗ ಕೆಲಸ ನಿಲ್ಲಿಸಿಯೇ ಬಿಟ್ಟರು. ಹತ್ತು ದಿನ ಅಂದದ್ದು ಹತ್ತೊಂಬತ್ತು ದಿನ ಆಗಲು ಇದೂ ಒಂದು ಕಾರಣ. ಆಗ ನನಗೆ ಸಿಟ್ಟು ಬಂದದ್ದು ನಿಜ, ಯಾಕೆಂದರೆ ಪತ್ತನಾಜೆ (ಮೇ ಕೊನೆಗೆ ಬರುವ, ಮಳೆಗಾಲ ಹತ್ತಿರ ಬಂತು ಅನ್ನುವ ತುಳುವರ ದಿನ) ಹತ್ತಿರ ಬರುತ್ತಿತ್ತು, ಮಳೆ ಹಿಡಿದರೆ ಗಾಡಿಯಿಲ್ಲದೆ ನಮಗೆ ಮನೆಯಿಂದ ಇಳಿಯುವುದೇ ಕಷ್ಟ.

ಮುಚ್ಚುವ ಮೊದಲು ಪ್ರತಿ ಸಲ ಫೋನ್ ಮಾಡಿ ಕರೆಯುತ್ತಿದ್ದರು. "ನಾಳೆ ಒಳಗೆ ಪ್ರೈಮರ್ ಹೊಡೆದು ಮುಚ್ಚುತ್ತೇನೆ ಮಾಷ್ಟ್ರೇ, ಇವತ್ತು ಬಂದು ಬೆಲ್ಡ್ ನೋಡಿಕೊಂಡು ಹೋಗಿ. ಆಮೇಲೆ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ." ವೆಲ್ಡಿಗೆ ಅವರು ಬೆಲ್ಡ್ ಅನ್ನುತ್ತಾರೆ. ಈ ರಿವ್ಯೂ ಬರೆಯಲು ಕೂತದ್ದೇ ಆ ಫೋನಿಗಾಗಿ. ಚಾಸಿಸ್ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಕೊನೆಗೆ ಪೈಂಟಿನ ಅಡಿಗೆ, ಡಬ್ಬಿಯ ಒಳಗೆ ಹೋಗುತ್ತದೆ. ಮೊದಲಿನವರು ನನಗೆ ತೋರಿಸಿದ್ದು ಮುಗಿದ ಮೇಲಿನ ಕಪ್ಪು ಬಣ್ಣ. ಇವರು ಬಣ್ಣ ಬೀಳುವ ಮೊದಲಿನದ್ದನ್ನು ತೋರಿಸಿದರು.

ವೆಲ್ಡಿಗೆ ಮೊದಲು ಸತುವಿನ ಪ್ರೈಮರ್, ಆಮೇಲೆ ಇಪಾಕ್ಸಿ ಪ್ರೈಮರ್, ಮೇಲೆ ಮಾಮೂಲಿ ಕಪ್ಪು ಪೈಂಟ್ ತೆಳ್ಳಗೆ. ಒಳಗೆ ಉದ್ದ ನಳಿಗೆ ತೂರಿಸಿ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿದರು, ಅದು ಸಂದಿನಿಂದ ಜಿನುಗಿ ಹೊರಗೆ ಬರುವವರೆಗೆ. ನೀರು ಇಳಿಯುವ ತೂತುಗಳನ್ನು ಮುಚ್ಚದೆ ಬಿಟ್ಟರು. ಹಳೇ ಇಂಜಿನ್ ಆಯಿಲ್ ಬಳಿಯಬಹುದಲ್ವಾ ಅಂತ ಕೇಳಿದೆ, ನಮ್ಮ ಕಡೆ ಎಲ್ಲರೂ ಬಳಿಯುತ್ತಾರೆ. ರಬ್ಬರ್ ಬುಷ್ ಹಾಳಾಗುತ್ತದೆ, ತೋಟದ ನೀರಿಗೂ ಇಳಿಯುತ್ತದೆ, ಬೇಡ ಅಂದರು. ಹಿಂದಿನ ಬ್ರೇಕ್ ಪೈಪ್ ಹೊಸದು, ಬುಷ್ ಸೆಟ್ ಹೊಸದು. ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತು ಪೂರ್ತಿ ಭಾರ ಬಿದ್ದ ಮೇಲೆಯೇ ಟೈಟ್ ಮಾಡಿದರು. ಎತ್ತಿದಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದಂತೆ. ಕೊನೆಗೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿದೆವು. ಕಂಪನಿ ಲೆಕ್ಕ 2375 ಮಿಲಿಮೀಟರ್. ಎಡಗಡೆ 2375, ಬಲಗಡೆ 2377. ಎರಡೇ ಮಿಲಿಮೀಟರ್!

ಖರ್ಚು ಕೇಳುವವರಿಗೆ: ಪಾರ್ಟು ಮತ್ತು ಪಾರ್ಸೆಲ್ ಸೇರಿ 24,300, ಕೂಲಿ 32,000, ಬುಷ್ ಮತ್ತು ಬೋಲ್ಟ್ 3,600, ಬ್ರೇಕ್ ಪೈಪ್ 1,450, ಪ್ರೈಮರ್ ವ್ಯಾಕ್ಸ್ ಎಲ್ಲ 4,200. ಒಟ್ಟು 65,550. ಮೊದಲು ನೀರಿಗೆ ಹಾಕಿದ 14,000 ಬೇರೆ.

ಸರಿಯಿಲ್ಲದ್ದನ್ನೂ ಬರೆಯಬೇಕು. ಪ್ರಿಂಟ್ ಬಿಲ್ ಕೊಡುವುದಿಲ್ಲ, ಪುಸ್ತಕದ ಹಾಳೆಯಲ್ಲಿ ಬರೆದು ಕೊಟ್ಟರು. ಇನ್ಶೂರೆನ್ಸ್‌ಗೆ ಬೇಕು ಅಂತ ನಾನು ಪಟ್ಟು ಹಿಡಿದು ಸಹಿ ಹಾಕಿಸಿಕೊಂಡೆ. ಕೆಲಸದಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ದಿನ ಹೇಳಿದರೆ ಅದಕ್ಕೆ ಇನ್ನೊಂದು ವಾರ ಸೇರಿಸಿಕೊಳ್ಳಿ. ವಯರಿಂಗ್ ಕೆಲಸದಲ್ಲಿ ಅಷ್ಟು ಗಮನ ಇಲ್ಲ, ಎಡಗಡೆ ಹಿಂದಿನ ಲೈಟಿನ ವಯರನ್ನು ಬರೀ ಟೇಪ್ ಸುತ್ತಿ ಬಿಟ್ಟಿದ್ದರು, ಮೊದಲ ಮಳೆಗೇ ಇಂಡಿಕೇಟರ್ ನಿಂತಿತು. ಚಾಸಿಸಿಗೆ ಅಷ್ಟು ತಾಳ್ಮೆ ಇರುವವರು ವಯರಿಗೆ ಯಾಕೆ ಹೀಗೆ ಅಂತ ಬೇಜಾರಾಯಿತು. ಹೇಳಿದೆ ಕೂಡ.

ಗಾಡಿ ಕೈಗೆ ಬಂದದ್ದು ಪತ್ತನಾಜೆಯ ಹಿಂದಿನ ದಿನ. ಜುಲೈ ಆಗಸ್ಟಿನ ಆಟಿ ತಿಂಗಳ ಮಳೆಯೆಲ್ಲ ಇದರಲ್ಲೇ ಕಳೆಯಿತು. ಎರಡು ಸಲ ಮದ್ದು ಬಿಡಲು ಮೈಲುತುತ್ತಿನ ಕ್ಯಾನ್ ಹೊತ್ತಿದೆ, ಈಗ ಟ್ರೇ ಒಳಗೆ. ಹಿಂದಿನ ಬಾಗಿಲು ಒಂದು ಬೆರಳಲ್ಲಿ ತಳ್ಳಿದರೆ ಕೂರುತ್ತದೆ. ಅಮ್ಮನಿಗೆ ಚಾಸಿಸ್ ಅಂದರೆ ಏನು ಅಂತ ಗೊತ್ತಿಲ್ಲ, ಆದರೆ ಹಿಂದೆ ಕೂತವರು, ಈಗ ಎತ್ತಿ ಹಾಕುವುದು ಕಮ್ಮಿ ಆಗಿದೆ ಮಗಾ ಅಂದರು. ಮೊನ್ನೆ ಮಳೆ ಬಿಟ್ಟಾಗ ಅಡಿಗೆ ಹೋಗಿ ಮೊಬೈಲ್ ಟಾರ್ಚ್ ಹಿಡಿದು ಜೋಡಣೆಯ ಸುತ್ತ ನೋಡಿದೆ, ಸುತ್ತಿಗೆಯಲ್ಲಿ ತಟ್ಟಿದೆ. ಹಿಂದಿನ ತುದಿಯವರೆಗೂ ಟಣ್ ಟಣ್ ಅನ್ನುತ್ತದೆ.

ದೀಪಾವಳಿ ಕಳೆದು ಒಣಗಿದ ಮೇಲೆ ಒಮ್ಮೆ ತನ್ನಿ, ವ್ಯಾಕ್ಸ್ ಎಲ್ಲಾದರೂ ತೊಳೆದುಹೋಗಿದ್ದರೆ ಮತ್ತೆ ಹೊಡೆದುಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ ಅಂದಿದ್ದಾರೆ ಆಶಾನ್. ಎಡಗಡೆಯ ಆ ವಯರನ್ನೂ ಅವತ್ತೇ ಮಾಡಿಸಬೇಕು.